ಸಂಶೋಧನಾ ಸಹಾಯಕ ಹುದ್ದೆ: ಅಮೆರಿಕದ ಪರಿಸರ ಎಂಜಿನಿಯರಿಂಗ್ ಮತ್ತು ಹವಾಮಾನ ತಾಳಿಕೆಯ ಅಧ್ಯಯನದಲ್ಲಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಓದುವ ವಿದ್ಯಾರ್ಥಿ ಪ್ರಾಧ್ಯಾಪಕರೊಬ್ಬರ ಸಂಶೋಧನಾ ಯೋಜನೆಯಲ್ಲಿ ಕೆಲಸ ಮಾಡಿ, ಅದಕ್ಕೆ ಪ್ರತಿಯಾಗಿ ತಿಂಗಳ ಸಂಬಳ, ಬೋಧನಾ ಶುಲ್ಕದ ಮನ್ನಾ ಮತ್ತು ಸಾಮಾನ್ಯವಾಗಿ ಆರೋಗ್ಯ ವಿಮೆ ಪಡೆಯುವ ವ್ಯವಸ್ಥೆಯೇ ಸಂಶೋಧನಾ ಸಹಾಯಕ ಹುದ್ದೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಆರ್‌ಎ’. ತರಗತಿಯಲ್ಲಿ ಪಾಠಕ್ಕೆ ನೆರವಾಗಿ, ಉತ್ತರಪತ್ರಿಕೆ ತಿದ್ದಿ ಸಂಪಾದಿಸುವ ‘ಟಿಎ’ ಹುದ್ದೆಗೂ, ವಿದ್ಯಾರ್ಥಿಯ ಹೆಸರಿಗೇ ಮಂಜೂರಾಗಿ ಅವನು ಹೋದಲ್ಲಿಗೆ ಅವನ ಜೊತೆಗೇ ಹೋಗುವ ಫೆಲೋಶಿಪ್‌ಗೂ ಇದಕ್ಕೂ ಮುಖ್ಯ ವ್ಯತ್ಯಾಸವಿದೆ. ಆರ್‌ಎ ಹಣ ವಿದ್ಯಾರ್ಥಿಯದಲ್ಲ, ಯೋಜನೆಯದು. ಯೋಜನೆ ಮುಗಿದರೆ ಹಣವೂ ಮುಗಿಯಿತು. ನೀರು, ಗಾಳಿ, ತ್ಯಾಜ್ಯ, ಪ್ರವಾಹ, ಬರ, ಬಿಸಿಲಿನ ಅಲೆ ಇವುಗಳನ್ನು ಅಭ್ಯಸಿಸುವ ಪರಿಸರ ಎಂಜಿನಿಯರಿಂಗ್ ಮತ್ತು ಹವಾಮಾನ ತಾಳಿಕೆಯ (ಹವಾಮಾನ ಬದಲಾವಣೆಯ ಹೊಡೆತವನ್ನು ತಾಳಿಕೊಳ್ಳುವ ಶಕ್ತಿಯ) ಕ್ಷೇತ್ರದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಹೆಚ್ಚಾಗಿ ನಿಂತಿರುವುದು ಈ ಹುದ್ದೆಯ ಮೇಲೆಯೇ. ಇದನ್ನು ವಿದ್ಯಾರ್ಥಿವೇತನದ ಒಂದು ಬಗೆ ಎಂದು ವಿವರಿಸುವುದು ರೂಢಿ. ಆದರೆ ಅದರ ರಚನೆಯನ್ನು ಬಿಡಿಸಿ ನೋಡಿದರೆ ಅದು ಅವಧಿ ನಿಗದಿಯಾದ ಯೋಜನಾ ಉದ್ಯೋಗ. ದಶಕಗಟ್ಟಲೆ ನಡೆಯಬೇಕಾದ ಅಳತೆಗಳನ್ನು ಮೂರು ವರ್ಷದ ಅನುದಾನದ ಕೈಗೆ ಒಪ್ಪಿಸಿರುವುದೇ ಈ ವ್ಯವಸ್ಥೆಯ ದೊಡ್ಡ ದೋಷ ಎಂಬುದು ಈ ಲೇಖನದ ವಾದ.

ಇದರ ಬೇರು ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿದೆ. 1876ರಲ್ಲಿ ಬಾಲ್ಟಿಮೋರ್‌ನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ವರ್ಷಕ್ಕೆ 500 ಡಾಲರ್‌ನ ಫೆಲೋಶಿಪ್ ಕೊಟ್ಟು, ಸಂಶೋಧನೆಯನ್ನೇ ಓದಿನ ತಿರುಳಾಗಿಸಿತು. ಅಲ್ಲಿ ಹಣ ಹೋದದ್ದು ವ್ಯಕ್ತಿಗೆ. ಹನ್ನೊಂದು ವರ್ಷಗಳ ನಂತರ, 1887ರ ಹ್ಯಾಚ್ ಕಾಯ್ದೆ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 15,000 ಡಾಲರ್ ಕೊಟ್ಟು ಕೃಷಿ ಪ್ರಯೋಗ ಕೇಂದ್ರಗಳನ್ನು ಕಟ್ಟಿಸಿತು. ಅಲ್ಲಿ ಹಣ ಹೋದದ್ದು ಕೆಲಸಕ್ಕೆ. ಕೆಲಸ ಮಾಡುವ ಕೈಗಳು ಅದರ ಹಿಂದೆ ಬಂದವು. ಅದೇ 1887ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯ ಮಂಡಳಿ ಲಾರೆನ್ಸ್ ಪಟ್ಟಣದಲ್ಲಿ ನೀರು ಮತ್ತು ಚರಂಡಿ ಶುದ್ಧೀಕರಣದ ಪ್ರಯೋಗ ಕೇಂದ್ರವನ್ನು ತೆರೆಯಿತು. ಎಂ.ಐ.ಟಿ.ಗೆ ಪ್ರವೇಶ ಪಡೆದ ಮೊದಲ ಮಹಿಳೆ ಎಲೆನ್ ಸ್ವಾಲೋ ರಿಚರ್ಡ್ಸ್ ಆ ಮಂಡಳಿಗಾಗಿ ರಾಜ್ಯದ ಉದ್ದಗಲಕ್ಕೂ ನೀರಿನ ಮಾದರಿಗಳ ಸಮೀಕ್ಷೆ ನಡೆಸಿದರು. ಕ್ಲೋರೈಡ್‌ನ ಸಹಜ ಪ್ರಮಾಣ ಕರಾವಳಿಯಿಂದ ಒಳನಾಡಿನ ಕಡೆಗೆ ಹೇಗೆ ಇಳಿಯುತ್ತ ಹೋಗುತ್ತದೆ ಎಂದು ನಕ್ಷೆಯಲ್ಲಿ ಗುರುತಿಸಿ, ಆ ಗೆರೆಗಿಂತ ಮೇಲಿದ್ದ ನೀರಿಗೆ ಮನುಷ್ಯರ ಹೊಲಸು ಸೇರಿದೆ ಎಂದು ತೋರಿಸಿಕೊಟ್ಟದ್ದು ಈ ಸಮೀಕ್ಷೆ. ಎಷ್ಟೋ ಸಹಾಯಕರು ಬಾಟಲಿ ಹಿಡಿದು ಒಂದೇ ಕ್ರಮದಲ್ಲಿ ಅಳೆದ ಮಾದರಿಗಳಿಲ್ಲದೆ ಆ ನಕ್ಷೆ ಹುಟ್ಟುತ್ತಿರಲಿಲ್ಲ. ಪರಿಸರ ಎಂಜಿನಿಯರಿಂಗ್‌ಗೆ ಸಹಾಯಕರ ಕೈ ಅಂದಿನಿಂದಲೂ ಬೇಕೇ ಬೇಕು.

ಇಂದಿನ ರೂಪ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಎಂಜಿನಿಯರ್ ವನೇವರ್ ಬುಷ್ 1945ರಲ್ಲಿ ಅಧ್ಯಕ್ಷರಿಗೆ ಸಲ್ಲಿಸಿದ ವರದಿಯ ಒತ್ತಾಸೆಯಿಂದ 1950ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸ್ಥಾಪನೆಯಾಯಿತು. ಅದು 1952ರಿಂದ ವಿದ್ಯಾರ್ಥಿಗಳಿಗೆ ನೇರವಾಗಿ ಫೆಲೋಶಿಪ್ ಕೊಡುತ್ತಿದೆಯಾದರೂ, ಸರ್ಕಾರದ ಹಣದ ಹೆಚ್ಚಿನ ಪಾಲು ಪ್ರಾಧ್ಯಾಪಕರು ಬರೆದ ಪ್ರಸ್ತಾವಗಳ ಮೂಲಕವೇ ಹರಿಯತೊಡಗಿತು. ಪರಿಸರದ ವಿಷಯಕ್ಕೆ ದುಡ್ಡು ಬಂದದ್ದು ಕಾನೂನುಗಳ ಬೆನ್ನು ಹತ್ತಿ: 1964ರ ಜಲಸಂಪನ್ಮೂಲ ಸಂಶೋಧನಾ ಕಾಯ್ದೆ ರಾಜ್ಯಕ್ಕೊಂದು ಜಲ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿತು, 1970ರಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ಬಂತು, 1972ರಲ್ಲಿ ಶುದ್ಧ ಜಲ ಕಾಯ್ದೆ. ವಿಷಕಾರಿ ತ್ಯಾಜ್ಯದ ನೆಲವನ್ನು ಶುಚಿಗೊಳಿಸುವ 1980ರ ಸೂಪರ್‌ಫಂಡ್ ಕಾಯ್ದೆಯ 1986ರ ತಿದ್ದುಪಡಿ ವಿಶ್ವವಿದ್ಯಾಲಯಗಳ ಸಂಶೋಧನೆಗೂ ದಾರಿ ಮಾಡಿಕೊಟ್ಟಿತು. ಇದನ್ನು ಬರೀ ಇತಿಹಾಸವೆಂದು ಓದಬಾರದು. ಯಾವ ಪ್ರಶ್ನೆಗೆ ಸಹಾಯಕರು ಸಿಗುತ್ತಾರೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಹಣ ಕೊಡುವವರ ಗಡುವು. ಮಿಲಿಟರಿ ನೆಲೆಗಳ ಅಂತರ್ಜಲ ಕೆಟ್ಟದ್ದರಿಂದ ರಕ್ಷಣಾ ಇಲಾಖೆ ಮಾಲಿನ್ಯ ಶುದ್ಧೀಕರಣದ ಸಂಶೋಧನೆಗೆ ಹಣ ಸುರಿಯುತ್ತದೆ. ಒಂದು ಬಡ ಬಡಾವಣೆಯ ಕೊಳಾಯಿ ನೀರಿಗೆ ಹಾಗೆ ಹಣ ಕೊಡುವ ಇಲಾಖೆ ಸುಲಭಕ್ಕೆ ಸಿಗುವುದಿಲ್ಲ.

ಹಣದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ಗೋಜಲು ಅಲ್ಲಿಂದಲೇ ಶುರುವಾಗುತ್ತದೆ. ಉದಾಹರಣೆಗೆ, ಒಬ್ಬ ಸಹಾಯಕನಿಗೆ ವರ್ಷಕ್ಕೆ 35,000 ಡಾಲರ್ ಸ್ಟೈಪೆಂಡ್, 4,000 ಡಾಲರ್ ವಿಮೆ, 20,000 ಡಾಲರ್ ಬೋಧನಾ ಶುಲ್ಕ ಎಂದಿಟ್ಟುಕೊಳ್ಳೋಣ. ಕಟ್ಟಡ, ವಿದ್ಯುತ್, ಆಡಳಿತ ಇತ್ಯಾದಿಗಳಿಗೆಂದು ವಿಶ್ವವಿದ್ಯಾಲಯ ಪರೋಕ್ಷ ವೆಚ್ಚ ವಿಧಿಸುತ್ತದೆ. ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಅದರಿಂದ ಹೊರಗಿಡುತ್ತಾರೆ. ಉಳಿದ 39,000 ಡಾಲರ್ ಮೇಲೆ ನೂರಕ್ಕೆ 55ರ ದರ ಹಿಡಿದರೆ 21,450 ಡಾಲರ್ ಆಯಿತು. ವಿದ್ಯಾರ್ಥಿಯ ಕೈಗೆ 35,000 ಬರಬೇಕಾದರೆ ಯೋಜನೆ 80,000 ಡಾಲರ್‌ಗೂ ಮಿಕ್ಕಿ ತೆರಬೇಕು. ಮೂರು ವರ್ಷಕ್ಕೆ 2.4 ಲಕ್ಷ ಡಾಲರ್. ಪ್ರಾಧ್ಯಾಪಕರು ಒಬ್ಬರ ಬದಲು ಇಬ್ಬರನ್ನು ತೆಗೆದುಕೊಳ್ಳಲು ಹಿಂಜರಿಯುವುದಕ್ಕೂ, ಎಂ.ಎಸ್. ವಿದ್ಯಾರ್ಥಿಗಿಂತ ಹೆಚ್ಚು ಕಾಲ ಉಳಿಯುವ ಪಿಎಚ್.ಡಿ. ವಿದ್ಯಾರ್ಥಿಯನ್ನೇ ಬಯಸುವುದಕ್ಕೂ ಈ ಲೆಕ್ಕವೇ ಕಾರಣ. ನೇಮಕಾತಿ ಪತ್ರದಲ್ಲಿ ವಾರಕ್ಕೆ 20 ಗಂಟೆಯ ‘ಅರ್ಧ ಕಾಲಿಕ’ ಕೆಲಸ ಎಂದಿರುತ್ತದೆ. ವಿದೇಶಿ ವಿದ್ಯಾರ್ಥಿಗೆ ಎಫ್-1 ವೀಸಾದ ನಿಯಮವೂ ಕಾಲೇಜು ನಡೆಯುವ ದಿನಗಳಲ್ಲಿ ಅಷ್ಟಕ್ಕೇ ಮಿತಿ ಹಾಕುತ್ತದೆ. ಆದರೆ ಪ್ರಬಂಧದ ಕೆಲಸ, ಯೋಜನೆಯ ಕೆಲಸ ಎರಡೂ ಒಂದೇ ಲ್ಯಾಬ್‌ನಲ್ಲಿ, ಒಂದೇ ಉಪಕರಣದ ಮೇಲೆ ನಡೆಯುವುದರಿಂದ ಇಪ್ಪತ್ತು ಗಂಟೆ ಎಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಅದೇ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿರುತ್ತದೆ: ಹಣದ ಲಭ್ಯತೆ ಮತ್ತು ತೃಪ್ತಿಕರ ಪ್ರಗತಿಗೆ ಒಳಪಟ್ಟು ಮುಂದುವರಿಕೆ. ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದ ಸಾಲು ಅದು.

ಇಂಥ ಸಹಾಯಕರು ಮಾಡುವ ಕೆಲಸದ ಬೆಲೆ ಏನು ಎಂಬುದಕ್ಕೆ ಮಿಷಿಗನ್ ರಾಜ್ಯದ ಫ್ಲಿಂಟ್ ನಗರಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಸುಮಾರು ಒಂದು ಲಕ್ಷ ಜನರಿದ್ದ ಆ ನಗರ ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಯಿತು. ಕೊಳವೆ ಸವೆಯದಂತೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಸೀಸದ ಕೊಳವೆಗಳಿಂದ ಸೀಸ ನೀರಿಗೆ ಸೇರತೊಡಗಿತು. ಅಧಿಕಾರಿಗಳು ನೀರು ಸುರಕ್ಷಿತ ಎನ್ನುತ್ತಲೇ ಇದ್ದರು. ಮಗುವಿನ ಆರೋಗ್ಯ ಕೆಟ್ಟದ್ದರಿಂದ ತಾಯಿಯೊಬ್ಬರು ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರನ್ನು ಸಂಪರ್ಕಿಸಿದ ಮೇಲೆ, 2015ರ ಬೇಸಿಗೆಯಲ್ಲಿ ಅವರ ವಿದ್ಯಾರ್ಥಿಗಳು ಸುಮಾರು 300 ಪರೀಕ್ಷಾ ಕಿಟ್‌ಗಳನ್ನು ಕಟ್ಟಿ ಫ್ಲಿಂಟ್‌ಗೆ ಕಳಿಸಿದರು. ಪ್ರತಿ ಕಿಟ್‌ನಲ್ಲಿ ಮೂರು ಬಾಟಲಿ. ಆರು ಗಂಟೆಗೂ ಹೆಚ್ಚು ಕಾಲ ನಲ್ಲಿ ತಿರುಗಿಸದೆ ಬಿಟ್ಟು ಹಿಡಿದ ಮೊದಲ ಒಂದು ಲೀಟರ್, ನೀರು 45 ಸೆಕೆಂಡ್ ಹರಿದ ಮೇಲೆ ಎರಡನೆಯದು, ಎರಡು ನಿಮಿಷದ ಮೇಲೆ ಮೂರನೆಯದು. ಮೊದಲ ಬಾಟಲಿ ಮನೆಯೊಳಗಿನ ನಲ್ಲಿ, ಬೆಸುಗೆಗಳ ಕಥೆ ಹೇಳುತ್ತದೆ. ಎರಡನೆಯದು ಮನೆಗೂ ಬೀದಿಗೂ ನಡುವಿನ ಕೊಳವೆಯಲ್ಲಿ ನಿಂತ ನೀರಿನದು. ಮೂರನೆಯದು ಬೀದಿಯ ಮುಖ್ಯ ಕೊಳವೆಯ ಕಡೆಯಿಂದ ಬಂದದ್ದು. ಒಂದೇ ಬಾಟಲಿ ಹಿಡಿದಿದ್ದರೆ ಸೀಸ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯುತ್ತಿತ್ತು. ಮೂರು ಹಿಡಿದದ್ದರಿಂದ ಅದು ಎಲ್ಲಿಂದ ಬರುತ್ತಿದೆ ಎಂಬುದೂ ತಿಳಿಯಿತು. 250ಕ್ಕೂ ಹೆಚ್ಚು ಮನೆಗಳಿಂದ ಕಿಟ್‌ಗಳು ಮರಳಿ ಬಂದವು. ಸೀಸದ ಮಟ್ಟ ಕೇಂದ್ರ ಸರ್ಕಾರದ 15 ಪಿಪಿಬಿ (ನೂರು ಕೋಟಿಗೆ 15 ಭಾಗ) ಎಂಬ, ಕ್ರಮ ಕೈಗೊಳ್ಳಬೇಕಾದ ಮಿತಿಯನ್ನು ಮೀರಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರ ಡೆಟ್ರಾಯಿಟ್ ನೀರಿಗೆ ಮರಳಿತು. ಈ ಕೆಲಸಕ್ಕೆ ಬೆನ್ನೆಲುಬಾದದ್ದು ವಿಜ್ಞಾನ ಪ್ರತಿಷ್ಠಾನದ ತುರ್ತು ಅನುದಾನದ 50,000 ಡಾಲರ್. ಮೇಲಿನ ಲೆಕ್ಕದಲ್ಲಿ ಅದು ಒಬ್ಬ ಸಹಾಯಕನ ಒಂದು ವರ್ಷದ ಖರ್ಚಿಗೂ ಸಾಲದು. ತಂಡ ತನ್ನ ಕೈಯಿಂದಲೂ ಹಣ ಹಾಕಿತು.

ಫ್ಲಿಂಟ್‌ನಲ್ಲಿ ಸತ್ಯ ಕೆಲವೇ ವಾರಗಳಲ್ಲಿ ಸಿಕ್ಕಿತು. ಹವಾಮಾನ ತಾಳಿಕೆಯ ಸತ್ಯ ಅಷ್ಟು ಬೇಗ ಸಿಗುವಂಥದ್ದಲ್ಲ. ಸೇತುವೆ, ಚರಂಡಿ, ಕೆರೆಯ ಕೋಡಿ, ತಡೆಗೋಡೆ ಎಲ್ಲವನ್ನೂ ಎಂಜಿನಿಯರ್‌ಗಳು ಹಿಂದಿನ ಮಳೆಯ ದಾಖಲೆಯ ಮೇಲೆ ವಿನ್ಯಾಸಗೊಳಿಸುತ್ತಾರೆ. ಅಮೆರಿಕದ ಬಹುಪಾಲು ಚರಂಡಿಗಳ ಹಿಂದೆ 1961ರಲ್ಲಿ ಹವಾಮಾನ ಇಲಾಖೆ ಪ್ರಕಟಿಸಿದ ಮಳೆ ನಕ್ಷೆಗಳಿದ್ದವು. ಹಿಂದಿನಂತೆಯೇ ಮುಂದೂ ಎಂಬ ಆ ನಂಬಿಕೆ ಇನ್ನು ನಿಲ್ಲದು ಎಂದು 2008ರಲ್ಲಿ ಜಲವಿಜ್ಞಾನಿ ಮಿಲಿ ಮತ್ತು ಸಹಲೇಖಕರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನ ಜಲ ಎಂಜಿನಿಯರಿಂಗ್ ವಿಭಾಗಗಳ ಸಂಶೋಧನೆಯ ದಿಕ್ಕನ್ನೇ ತಿರುಗಿಸಿತು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಟೆಕ್ಸಸ್‌ನ ನೆಡರ್‌ಲ್ಯಾಂಡ್‌ನಲ್ಲಿ 60 ಇಂಚಿಗೂ ಹೆಚ್ಚು, ಅಂದರೆ 1,500 ಮಿಲಿಮೀಟರ್ ಮೀರಿದ ಮಳೆ ಸುರಿಸಿತು. ಮರುವರ್ಷ ಹೊಸ ಮಳೆ ಅಂದಾಜು ಬಂದಾಗ, ಹ್ಯೂಸ್ಟನ್‌ನಲ್ಲಿ ಯಾವುದೇ ವರ್ಷ ನೂರಕ್ಕೆ ಒಂದರಷ್ಟು ಸಂಭವವಿರುವ 24 ಗಂಟೆಯ ಮಳೆ 13 ಇಂಚಿನಿಂದ 18 ಇಂಚಿಗೆ ಏರಿತ್ತು. ಈ ಐದು ಇಂಚು ಯಾರೋ ಊಹಿಸಿದ್ದಲ್ಲ. ದಶಕಗಳ ಕಾಲ ಬಿಡದೆ ಅಳೆದ ಮಳೆಮಾಪಕಗಳು ಕೊಟ್ಟದ್ದು. ನಗರದ ಬಿಸಿ, ಸಮುದ್ರಮಟ್ಟದ ಏರಿಕೆಯಿಂದ ಉಪ್ಪಾಗುವ ಅಂತರ್ಜಲ, ಕಾಳ್ಗಿಚ್ಚಿನ ನಂತರ ಜಲಾಶಯಕ್ಕೆ ಬರುವ ಬೂದಿ ಇವುಗಳಿಗೂ ಇದೇ ಮಾತು. ಒಂದು ವರ್ಷದ ಅಳತೆಯಿಂದ ಹವೆ ತಿಳಿದೀತು, ಹವಾಮಾನ ತಿಳಿಯದು.

ಇಲ್ಲಿಯೇ ಹುದ್ದೆಯ ಅವಧಿಗೂ ವಿಷಯದ ಅವಧಿಗೂ ತಾಳ ತಪ್ಪುವುದು. ಅನುದಾನ ಸಾಮಾನ್ಯವಾಗಿ ಮೂರು ವರ್ಷ. ಎಂಜಿನಿಯರಿಂಗ್ ಪಿಎಚ್.ಡಿ.ಗೆ ಐದಾರು ವರ್ಷ. ಹವಾಮಾನದ ಒಂದು ಸಂಕೇತ ಗದ್ದಲದಿಂದ ಬೇರ್ಪಟ್ಟು ಕಾಣಲು ಇಪ್ಪತ್ತು, ಮೂವತ್ತು ವರ್ಷ. ವಾತಾವರಣದ ಇಂಗಾಲದ ಡೈಆಕ್ಸೈಡ್‌ನ ಅತ್ಯಂತ ಪ್ರಸಿದ್ಧ ದಾಖಲೆಯೂ ಈ ಬಿಕ್ಕಟ್ಟಿನಿಂದ ಪಾರಾಗಲಿಲ್ಲ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಮೇಲೆ ಅಳತೆ ಶುರು ಮಾಡಿದರು. ಆಗ ಪ್ರಮಾಣ ಸುಮಾರು 315 ಪಿಪಿಎಂ (ಹತ್ತು ಲಕ್ಷಕ್ಕೆ 315 ಭಾಗ). 1964ರಲ್ಲಿ ಬಜೆಟ್ ಕಡಿತದಿಂದಾಗಿ ಕೆಲವು ತಿಂಗಳು ಅಳತೆಯೇ ನಿಂತಿತು. ಇಂದು 420 ಪಿಪಿಎಂ ದಾಟಿರುವ ಆ ರೇಖೆಯ ಆರಂಭದಲ್ಲಿ ಆ ಬಿರುಕು ಹಾಗೇ ಉಳಿದಿದೆ. ಕಳೆದುಹೋದ ತಿಂಗಳ ಗಾಳಿಯನ್ನು ಮತ್ತೆ ಅಳೆಯಲು ಯಾವ ಅನುದಾನಕ್ಕೂ ಆಗುವುದಿಲ್ಲ. ಇದಕ್ಕೆ ಎದುರಾದ ಉದಾಹರಣೆ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಅರಣ್ಯ. 1963ರಿಂದ ವಿಜ್ಞಾನಿಗಳಾದ ಲೈಕೆನ್ಸ್, ಬೋರ್ಮನ್ ಮತ್ತು ಸಂಗಡಿಗರು ಅಲ್ಲಿ ಮಳೆ ಮತ್ತು ತೊರೆಯ ನೀರಿನ ರಾಸಾಯನಿಕ ಗುಣವನ್ನು ಬಿಡದೆ ಅಳೆದರು. ಆಮ್ಲ ಮಳೆ ಉತ್ತರ ಅಮೆರಿಕದಲ್ಲಿ ಬೀಳುತ್ತಿದೆ ಎಂದು ಅವರು 1972ರಲ್ಲಿ ಬರೆದರು. ಅಲ್ಲಿಂದ 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಯವರೆಗಿನ ವಾದ ವಿವಾದಕ್ಕೆ ಆ ದಾಖಲೆ ಆಧಾರವಾಯಿತು. ವಿದ್ಯಾರ್ಥಿಗಳು ಬಂದರು, ಪದವಿ ಪಡೆದು ಹೋದರು; ಅಳತೆ ನಿಲ್ಲಲಿಲ್ಲ, ಏಕೆಂದರೆ ಅರಣ್ಯ ಇಲಾಖೆಯ ಕಾಯಂ ನೆಲೆ ಅಲ್ಲಿತ್ತು. 1980ರಲ್ಲಿ ವಿಜ್ಞಾನ ಪ್ರತಿಷ್ಠಾನ ದೀರ್ಘಾವಧಿ ಪರಿಸರ ಸಂಶೋಧನೆಯ ಜಾಲ ಕಟ್ಟಿ, ಆರಾರು ವರ್ಷದ ಅನುದಾನ ಕೊಡತೊಡಗಿತು. 1997ರಲ್ಲಿ ಫೀನಿಕ್ಸ್ ಮತ್ತು ಬಾಲ್ಟಿಮೋರ್ ನಗರಗಳೂ ಅದಕ್ಕೆ ಸೇರಿದವು. ಆ ಜಾಲದಲ್ಲಿ ಕೆಲಸ ಮಾಡಿದ ಸಹಾಯಕ ತನ್ನ ಮೂರು ವರ್ಷದ ಅಂಕಿಗಳನ್ನು ಹಿಂದಿನವರ ಮೂವತ್ತು ವರ್ಷದ ಅಂಕಿಗಳ ಪಕ್ಕದಲ್ಲಿಟ್ಟು ಓದಬಲ್ಲ. ಅಂಥ ನೆಲೆಯಿಲ್ಲದವನ ಪ್ರಬಂಧ ಮುಗಿದ ದಿನವೇ ಅವನ ಸಂವೇದಕಗಳನ್ನು ಕಳಚಿ ಕಪಾಟಿಗೆ ಹಾಕಲಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಮೂರು ವರ್ಷಕ್ಕೊಮ್ಮೆ ಸಹವಿಜ್ಞಾನಿಗಳ ಮುಂದೆ ನಿಂತು ಹಣ ಕೇಳಬೇಕೆಂಬ ಶಿಸ್ತಿನಿಂದಲೇ ಅಮೆರಿಕದ ವಿಜ್ಞಾನ ಚುರುಕಾಗಿದೆ. ಶಾಶ್ವತ ಹಣ ಸಿಕ್ಕ ಪ್ರಯೋಗಾಲಯ ಜಡ್ಡುಗಟ್ಟುತ್ತದೆ ಎನ್ನುತ್ತಾರೆ. ಹೊಸ ವಿಚಾರಗಳ ಮಟ್ಟಿಗೆ ಇದು ನಿಜ. ಕಲುಷಿತ ನೀರಿನಲ್ಲಿರುವ ಪಿಎಫ್‌ಎಎಸ್ ಎಂಬ ರಾಸಾಯನಿಕಗಳನ್ನು ಒಡೆಯುವ ಹೊಸ ವಿಧಾನಕ್ಕೆ ಮೂರು ವರ್ಷದ ಸ್ಪರ್ಧಾತ್ಮಕ ಅನುದಾನ ಸರಿಯಾದ ರೂಪವೇ. ವಿಧಾನ ಫಲ ಕೊಟ್ಟಿತೋ ಇಲ್ಲವೋ ಆ ಅವಧಿಯಲ್ಲಿ ಗೊತ್ತಾಗುತ್ತದೆ. ಆದರೆ ಸ್ಪರ್ಧೆ ಅಳೆಯುವುದು ಹೊಸತನವನ್ನು, ನಿರಂತರತೆಯನ್ನಲ್ಲ. ಅದೇ ತೊರೆಯ ನೀರನ್ನು ಅದೇ ಜಾಗದಲ್ಲಿ ಇನ್ನೂ ಹತ್ತು ವರ್ಷ ಅಳೆಯುತ್ತೇವೆ ಎಂಬ ಪ್ರಸ್ತಾವದಲ್ಲಿ ಹೊಸದೇನೂ ಕಾಣದು, ಆದ್ದರಿಂದ ಅದು ಸೋಲುತ್ತದೆ. ಹಬ್ಬರ್ಡ್ ಬ್ರೂಕ್‌ನ ಅಂಕಿಗಳ ಬೆಲೆ ತಿಳಿದದ್ದು ಅವು ಕೈಗೆ ಸಿಕ್ಕ ಮೇಲೆ. ಹಾಗಾಗಿ ಸ್ಪರ್ಧೆಯನ್ನು ತೆಗೆದುಹಾಕಬೇಕೆಂಬುದು ಇಲ್ಲಿನ ವಾದವಲ್ಲ. ಒಂದೇ ಬಗೆಯ ಹಣದಿಂದ ಎರಡು ಬಗೆಯ ಕೆಲಸ ಮಾಡಿಸುವುದು ತಪ್ಪು ಎಂಬುದಷ್ಟೇ ವಾದ.

ಎರಡನೆಯ ಆಕ್ಷೇಪ ಹುದ್ದೆಯ ಸ್ವರೂಪದ ಕುರಿತದ್ದು: ಇವರು ಕಲಿಯಲು ಬಂದವರು, ಕಾರ್ಮಿಕರಲ್ಲ, ಸಂಬಳದ ಮಾತೇಕೆ? ಈ ಪ್ರಶ್ನೆ ಅಮೆರಿಕದ ಕಾನೂನಿನಲ್ಲೇ ಹಲವು ಬಾರಿ ಮಗುಚಿ ಬಿದ್ದಿದೆ. ಖಾಸಗಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಹಾಯಕರ ವಿಷಯದಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅವರು ನೌಕರರಲ್ಲ ಎಂದಿತು. 2016ರಲ್ಲಿ ಕೊಲಂಬಿಯಾ ಪ್ರಕರಣದಲ್ಲಿ ಸಂಶೋಧನಾ ಸಹಾಯಕರನ್ನೂ ಸೇರಿಸಿ ನೌಕರರೇ ಹೌದು ಎಂದಿತು. 2017ರ ನವೆಂಬರ್‌ನಲ್ಲಿ ಪ್ರತಿನಿಧಿಗಳ ಸಭೆ ಒಪ್ಪಿದ ತೆರಿಗೆ ಮಸೂದೆ ಬೋಧನಾ ಶುಲ್ಕದ ಮನ್ನಾವನ್ನೂ ಆದಾಯವೆಂದು ಲೆಕ್ಕ ಹಿಡಿಯಹೊರಟಿತ್ತು. ಕೈಗೆ ಬರದ ಹಣಕ್ಕೆ ತೆರಿಗೆ ಕಟ್ಟಬೇಕಾಗುತ್ತಿತ್ತು. ಪ್ರತಿಭಟನೆಯ ನಂತರ ಅಂತಿಮ ಕಾಯ್ದೆಯಲ್ಲಿ ಆ ಅಂಶ ಉಳಿಯಲಿಲ್ಲ. 2022ರ ನವೆಂಬರ್ 14ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಸಹಾಯಕರು ಮತ್ತು ಸಂಶೋಧಕರು ಮುಷ್ಕರ ಹೂಡಿದರು. ಮನೆ ಬಾಡಿಗೆಗೇ ಸಂಬಳ ಸಾಲದೆಂಬುದು ಅವರ ಅಳಲು. ಡಿಸೆಂಬರ್ 23ರಂದು ಗಣನೀಯ ಏರಿಕೆಯೊಂದಿಗೆ ಅದು ಮುಗಿಯಿತು. ಸಂಬಳ ಏರಿದರೆ ಸೀಟು ಕಡಿಮೆಯಾಗುತ್ತದೆ ಎಂಬ ಎಚ್ಚರಿಕೆ ಆಗ ಕೇಳಿಬಂತು, ಕೆಲವು ವಿಭಾಗಗಳಲ್ಲಿ ಅದು ಆಯಿತೂ ಕೂಡ. ಆದರೂ ಬಾಡಿಗೆ ಕಟ್ಟಲಾಗದ ಹತ್ತು ಸೀಟಿಗಿಂತ ನೆಮ್ಮದಿಯಾಗಿ ಬದುಕಬಲ್ಲ ಏಳು ಸೀಟು ಮೇಲು. ಇಲ್ಲದಿದ್ದರೆ ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಸಂಶೋಧನೆಗೆ ಉಳಿಯುತ್ತಾರೆ. ಪ್ರವಾಹ ಬಂದಾಗ ಮೊದಲು ಮುಳುಗುವ ಬಡಾವಣೆಗಳಿಂದ ಬಂದವರು ಆ ಪ್ರವಾಹವನ್ನು ಅಭ್ಯಸಿಸುವ ಲ್ಯಾಬ್‌ನಲ್ಲಿ ಇರುವುದೇ ಇಲ್ಲ. ಕಲಿಕೆ ಮತ್ತು ದುಡಿಮೆ ಒಂದೇ ಮೇಜಿನ ಮೇಲೆ ನಡೆಯುವಾಗ ಎರಡರಲ್ಲಿ ಒಂದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಹಾಗಾದರೆ ಹಣವನ್ನು ಯೋಜನೆಯಿಂದ ಬಿಡಿಸಿ ವಿದ್ಯಾರ್ಥಿಯ ಕೈಗೇ ಕೊಡಬಾರದೇಕೆ? ಇದು ಹೊಸ ಸಲಹೆಯಲ್ಲ. 1995ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿಯೊಂದು ಸಂಶೋಧನಾ ಸಹಾಯಕ ಹುದ್ದೆಗಳ ಮೇಲಿನ ಅವಲಂಬನೆ ತಗ್ಗಿಸಿ, ವಿಭಾಗಗಳಿಗೆ ಶಿಕ್ಷಣ ಅನುದಾನ ಕೊಡಬೇಕೆಂದಿತ್ತು. 2014ರಲ್ಲಿ ಬ್ರೂಸ್ ಆಲ್ಬರ್ಟ್ಸ್ ಮತ್ತು ಇತರ ಹಿರಿಯ ಜೀವವಿಜ್ಞಾನಿಗಳು ತಮ್ಮ ಕ್ಷೇತ್ರಕ್ಕೆ ಇಂಥದೇ ಸಲಹೆ ಕೊಟ್ಟರು. ಅದೇ ವರ್ಷ ವಿಜ್ಞಾನ ಪ್ರತಿಷ್ಠಾನ ಶುರು ಮಾಡಿದ ಸಂಶೋಧನಾ ತರಬೇತಿ ಯೋಜನೆಯೂ ಈ ದಾರಿಯದು. ಎಂಜಿನಿಯರ್, ಸಮಾಜವಿಜ್ಞಾನಿ, ಪರಿಸರ ವಿಜ್ಞಾನಿಗಳು ಒಟ್ಟಿಗೆ ಕಲಿಯುವ ಕಾರ್ಯಕ್ರಮಗಳಿಗೆ ಅದು ಹಣ ಕೊಡುತ್ತದೆ. ಕಲಿಕೆಯ ದೃಷ್ಟಿಯಿಂದ ಇವು ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲೊಂದು ಗಂಭೀರ ತೊಡಕಿದೆ, ಸುಧಾರಣೆಯ ಪರವಾಗಿ ಬರೆಯುವವರು ಅದನ್ನು ಸಾಮಾನ್ಯವಾಗಿ ಹಗುರಾಗಿ ದಾಟಿಹೋಗುತ್ತಾರೆ. ವಿಜ್ಞಾನ ಪ್ರತಿಷ್ಠಾನದ ಫೆಲೋಶಿಪ್ ಆಗಲಿ, ತರಬೇತಿ ಯೋಜನೆಯ ಸ್ಟೈಪೆಂಡ್ ಆಗಲಿ ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ವಿದೇಶಿ ವಿದ್ಯಾರ್ಥಿಗೆ ತೆರೆದ ಮುಖ್ಯ ಬಾಗಿಲು ಆರ್‌ಎ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 3.31 ಲಕ್ಷ ದಾಟಿ, ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಅವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ವಿದ್ಯಾರ್ಥಿಗಳು. ಇಡೀ ಹಣವನ್ನು ಫೆಲೋಶಿಪ್‌ಗೆ ತಿರುಗಿಸಿದರೆ ಪರಿಸರ ಎಂಜಿನಿಯರಿಂಗ್ ಲ್ಯಾಬ್‌ಗಳ ಎಷ್ಟೋ ಮೇಜುಗಳು ಖಾಲಿಯಾಗುತ್ತವೆ. ಆದ್ದರಿಂದ ಸರಿಯಾದ ಪರಿಹಾರ ಎರಡೂ ತುದಿಗಳ ನಡುವೆ ಇದೆ. ಪ್ರವೇಶದ ದಿನವೇ ವಿಭಾಗ ಐದು ವರ್ಷದ ಬೆಂಬಲದ ಲಿಖಿತ ಭರವಸೆ ಕೊಡಬೇಕು; ಒಂದು ಅನುದಾನ ಮುಗಿದು ಇನ್ನೊಂದು ಬರುವ ತನಕದ ತಿಂಗಳುಗಳಿಗೆ ವಿಶ್ವವಿದ್ಯಾಲಯ ತನ್ನ ಪರೋಕ್ಷ ವೆಚ್ಚದ ಪಾಲಿನಿಂದ ಒಂದು ನಿಧಿ ಇಡಬೇಕು; ಮಳೆಮಾಪಕ, ಕೊಳವೆಬಾವಿ, ನದಿ ಮಾಪಕಗಳ ನಿತ್ಯದ ಅಳತೆಯನ್ನು ಬಂದುಹೋಗುವ ವಿದ್ಯಾರ್ಥಿಯ ಬದಲು ಕಾಯಂ ತಂತ್ರಜ್ಞರಿಗೆ ಒಪ್ಪಿಸಬೇಕು. ಭರವಸೆ ಕೊಡುವ ಸಂಸ್ಥೆಗಳು ಈಗಾಗಲೇ ಇವೆ. ಅದು ಅಪವಾದವಾಗಿ ಉಳಿಯದೆ ನಿಯಮವಾಗಬೇಕು.

ಅಮೆರಿಕದ ತೆರಿಗೆದಾರರ ಹಣ ಹೊರಗಿನವರಿಗೇಕೆ ಎಂದು ಅಲ್ಲಿ ಕೇಳುವವರಿದ್ದಾರೆ. ಉತ್ತರ ಕೆಲಸದಲ್ಲೇ ಇದೆ. ಆರ್‌ಎ ದಾನವಾಗಿದ್ದರೆ ಆ ಪ್ರಶ್ನೆಗೆ ತೂಕವಿರುತ್ತಿತ್ತು; ಅದು ದುಡಿಮೆಗೆ ಕೊಟ್ಟ ಸಂಬಳ. ದುಡಿಮೆಯ ಫಲ, ಅಂದರೆ ಶುದ್ಧೀಕರಿಸಿದ ಅಂತರ್ಜಲ, ಪ್ರವಾಹದ ನಕ್ಷೆ, ಸೀಸದ ವರದಿ, ಆ ನೆಲದಲ್ಲೇ ಉಳಿಯುತ್ತದೆ.

ಈ ವ್ಯವಸ್ಥೆ ಎಷ್ಟು ದುರ್ಬಲ ಎಂಬುದು 2025ರಲ್ಲಿ ಎಲ್ಲರಿಗೂ ಕಾಣುವಂತಾಯಿತು. ಆ ವರ್ಷದ ವಸಂತದಲ್ಲಿ ವಿಜ್ಞಾನ ಪ್ರತಿಷ್ಠಾನ ನಡೆಯುತ್ತಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಅರ್ಧಕ್ಕೇ ರದ್ದು ಮಾಡಿತು. ಜುಲೈನಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ ತನ್ನ ಸಂಶೋಧನಾ ವಿಭಾಗವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಪರೋಕ್ಷ ವೆಚ್ಚಕ್ಕೆ ನೂರಕ್ಕೆ 15ರ ಮಿತಿ ಹಾಕುವ ಪ್ರಯತ್ನಗಳು ನ್ಯಾಯಾಲಯದ ಮೆಟ್ಟಿಲೇರಿದವು. ವಿಜ್ಞಾನ ಪ್ರತಿಷ್ಠಾನದ ಪದವೀಧರ ಫೆಲೋಶಿಪ್‌ಗಳ ಸಂಖ್ಯೆಯೂ ಮೊದಲ ಪಟ್ಟಿಯಲ್ಲಿ 1,000ಕ್ಕೆ ಇಳಿದು, ಆಮೇಲೆ 500 ಸೇರಿತು. ಅನುದಾನ ರದ್ದಾದಾಗ ಪ್ರಾಧ್ಯಾಪಕರ ಕಾಯಂ ಹುದ್ದೆ ಉಳಿಯುತ್ತದೆ, ಉಪಕರಣ ಉಳಿಯುತ್ತದೆ. ಮೊದಲು ಹೋಗುವುದು ಸಹಾಯಕನ ಮುಂದಿನ ಸೆಮಿಸ್ಟರ್. ವಿದೇಶಿ ವಿದ್ಯಾರ್ಥಿಗೆ ಅದು ಶುಲ್ಕದ ಪ್ರಶ್ನೆಯಾಗಿ, ಶುಲ್ಕ ಕಟ್ಟಲಾಗದಿದ್ದರೆ ವೀಸಾದ ಪ್ರಶ್ನೆಯಾಗಿ ಬೆಳೆಯುತ್ತದೆ. ಯಾವ ಸರ್ಕಾರ ಬಂದರೂ ಹೋದರೂ ಮುಂದುವರಿಯಬೇಕಾದ ಅಳತೆಗಳನ್ನು ಸರ್ಕಾರ ಬದಲಾದಾಗ ಮೊದಲು ಕತ್ತರಿ ಬೀಳುವ ಲೆಕ್ಕಶೀರ್ಷಿಕೆಯ ಅಡಿಯಲ್ಲಿ ಇಟ್ಟದ್ದರ ಫಲ ಇದು.

ಭಾರತದಲ್ಲಿ ದಾರಿ ಬೇರೆ. ಇಲ್ಲಿ ನೆಟ್ ಪರೀಕ್ಷೆಯ ಮೂಲಕ ಬರುವ ಜೆಆರ್‌ಎಫ್ ಫೆಲೋಶಿಪ್ ವಿದ್ಯಾರ್ಥಿಯ ಹೆಸರಿಗೇ ಮಂಜೂರಾಗುತ್ತದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ, ಮುಂದಿನ ಎಸ್‌ಆರ್‌ಎಫ್ ಹಂತದಲ್ಲಿ 42,000, ಮನೆ ಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಬಂದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ 70,000ದಿಂದ 80,000ದವರೆಗೆ. ವಿಷಯ ಆಯ್ಕೆಯ ಸ್ವಾತಂತ್ರ್ಯ, ಗೈಡ್ ಬದಲಾದರೂ ಹಣ ಉಳಿಯುವ ಭದ್ರತೆ ಇವು ಇದರ ಬಲ. ತಿಂಗಳ ಹಣ ಹೊತ್ತಿಗೆ ಸರಿಯಾಗಿ ಕೈ ಸೇರದಿರುವುದು ದೇಶದುದ್ದಕ್ಕೂ ಕೇಳುವ ದೂರು. ಯೋಜನೆಗೆ ಸೇರಿದ ಪ್ರಾಜೆಕ್ಟ್ ಅಸೋಸಿಯೇಟ್‌ಗಳ ಪಾಡಂತೂ ಅಮೆರಿಕದ ಆರ್‌ಎಗಿಂತ ಅಭದ್ರ. ಅವರಿಗೆ ಪದವಿಯ ನೋಂದಣಿಯೂ ಹಲವೊಮ್ಮೆ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಖಾಸಗಿ ದತ್ತಿಯಿಂದ ಶುರುವಾದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಬೇರೊಂದು ಮಾದರಿ ತೋರಿಸುತ್ತದೆ. ದತ್ತಿ ಹಣಕ್ಕೆ ಮೂರು ವರ್ಷದ ಗಡುವಿಲ್ಲ. 2022ರಲ್ಲಿ ಪ್ರವಾಹಕ್ಕೂ 2024ರಲ್ಲಿ ನೀರಿನ ಬರಕ್ಕೂ ಸಿಕ್ಕ ಬೆಂಗಳೂರಿಗೆ, ಕೆರೆ, ರಾಜಕಾಲುವೆ, ಕೊಳವೆಬಾವಿಗಳನ್ನು ಇಪ್ಪತ್ತು ವರ್ಷ ಒಂದೇ ಕ್ರಮದಲ್ಲಿ ಅಳೆಯುವ ಹಣವೂ ಆ ಅಂಕಿಗಳ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ ತುರ್ತಾಗಿ ಬೇಕು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಅಮೆರಿಕಕ್ಕೆ ಅರ್ಜಿ ಹಾಕುವವರು ‘ಫಂಡಿಂಗ್ ಇದೆ’ ಎಂಬ ಒಂದೇ ಮಾತಿಗೆ ಸಮಾಧಾನಪಡುವುದು ಸಾಲದು. ಎಂ.ಎಸ್. ಪ್ರವೇಶ ಪತ್ರಗಳಲ್ಲಿ ಬಹುಪಾಲು ಯಾವ ಹಣದ ಭರವಸೆಯೂ ಇಲ್ಲದೆ ಬರುತ್ತವೆ. ಅಲ್ಲಿಗೆ ಹೋದ ಮೇಲೆ ಆರ್‌ಎ ಸಿಕ್ಕೇ ಸಿಗುತ್ತದೆ ಎಂದು ನಂಬಿ ಮನೆ, ಜಮೀನು ಒತ್ತೆಯಿಟ್ಟು ಸಾಲ ಮಾಡುವುದು ಅಪಾಯ. ಹುದ್ದೆ ಬೇಕಾದವರು ವಿಭಾಗದ ಕಚೇರಿಗೆ ಬರೆದು ಸುಮ್ಮನಾಗದೆ ಪ್ರಾಧ್ಯಾಪಕರಿಗೇ ಬರೆಯಬೇಕು. ಅವರ ಇತ್ತೀಚಿನ ಬರಹ ಓದಿ, ಅವರ ಯೋಜನೆಗೆ ತಾನು ಯಾವ ಕೆಲಸ ಮಾಡಬಲ್ಲೆ ಎಂದು ನಾಲ್ಕು ಸಾಲಿನಲ್ಲಿ ಹೇಳಬೇಕು. ಹುದ್ದೆ ಸಿಕ್ಕಿತೆಂಬ ಪತ್ರ ಬಂದಾಗ ಒಪ್ಪಿಗೆ ಕಳಿಸುವ ಮೊದಲು ಹಣ ಯಾವ ಸಂಸ್ಥೆಯದು, ಆ ಅನುದಾನದಲ್ಲಿ ಇನ್ನೆಷ್ಟು ತಿಂಗಳು ಉಳಿದಿವೆ, ಅದು ಮುಗಿದರೆ ಅಥವಾ ರದ್ದಾದರೆ ವಿಭಾಗ ಏನು ಮಾಡುತ್ತದೆ, ಬೇಸಿಗೆಯ ಮೂರು ತಿಂಗಳಿಗೆ ಸಂಬಳ ಉಂಟೇ, ಬೋಧನಾ ಶುಲ್ಕ ಮನ್ನಾ ಆದರೂ ಇತರ ಶುಲ್ಕ ಎಷ್ಟು ಎಂದು ಬರವಣಿಗೆಯಲ್ಲೇ ಕೇಳಿ ಉತ್ತರ ಪಡೆಯಿರಿ. ಇವನ್ನು ಕೇಳುವುದು ಅವಿನಯವಲ್ಲ. ದುಡಿಯಲು ಹೊರಟವರಿಗೆ ಕೇಳುವ ಹಕ್ಕಿದೆ, ಒಳ್ಳೆಯ ಪ್ರಾಧ್ಯಾಪಕರು ಉತ್ತರ ಕೊಡುತ್ತಾರೆ.